ಹಾದರದ ಅರ್ಥ ಮತ್ತು ಒಂದು ಜೋಳದ ಕಡ್ಡಿ

ನಮ್ಮ ಸೋದರತ್ತೆ ಹಾದರ ಮಾಡಿ ಗಂಡನ ಮನೆ ಬಿಟ್ಟಳು ಎಂದು ಬೆಟಗೇರಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ನನ್ನದು ಒಂದು ಆಕ್ಷೇಪವಿದೆ. ಆಕೆ ಮನೆ ಬಿಟ್ಟದ್ದು ಮೊದಲು, ಇವರು ಹಾದರ ಎನ್ನುವುದು ನಡೆದದ್ದು ಮೂರು ವರ್ಷದ ಮೇಲೆ. ಕಾರಣಕ್ಕಿಂತ ಮೊದಲೇ ಪರಿಣಾಮ ಹುಟ್ಟುವುದು ನಮ್ಮ ಓಣಿಯಲ್ಲಿ ಮಾತ್ರ ಸಾಧ್ಯ. ಆ ಎರಡರ ನಡುವೆ ಇದ್ದದ್ದು ನನ್ನ ನಾಲಗೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅತ್ತೆಯನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಮಾವ ಲಕ್ಷ್ಮೇಶ್ವರದಲ್ಲಿ ಇನ್ನೊಂದು ಮನೆ ಮಾಡಿದ್ದ. ಅಲ್ಲಿ ಗಂಡ ಸತ್ತ ಒಬ್ಬ ಹೆಂಗಸಿದ್ದಳು. ಆಗ ಶಿರಹಟ್ಟಿ ಒಬ್ಬ ಸಂಸ್ಥಾನಿಕನದು, ಲಕ್ಷ್ಮೇಶ್ವರ ಇನ್ನೊಬ್ಬನದು. ರಾಜ್ಯಕ್ಕೊಂದು ಸಂಸಾರ ಎಂದು ನೋಡಿದರೆ ಮಾವ ಬಹಳ ಶಿಸ್ತಿನ ಮನುಷ್ಯ. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಮುಳುಗಿದವು, ಎರಡೂ ಊರು ಒಂದೇ ಸರಕಾರದ ಕೆಳಗೆ ಬಂದವು. "ಇನ್ನ ಮ್ಯಾಲರ ಒಂದ ಮನಿ ಮಾಡ್ತೀರೇನ್ರಿ?" ಎಂದು ಅತ್ತೆ ಕೇಳಿದಳಂತೆ. ಮಾವ ಮಾಡಿದ. ಆ ಹೆಂಗಸನ್ನು ಶಿರಹಟ್ಟಿಗೇ ಕರೆತಂದ. ಅತ್ತೆ ಗಂಟು ಕಟ್ಟಿಕೊಂಡು ತವರಿಗೆ, ಅಂದರೆ ನಮ್ಮ ಮನೆಗೆ, ಬಂದಳು.

ನಮ್ಮದು ಮಗ್ಗದ ಮನೆ. ಎರಡು ವರ್ಷವಾದ ಮೇಲೆ, ನೂಲಿಗೆಂದು ಬರುತ್ತಿದ್ದ ಮುಂಡರಗಿಯ ನೇಕಾರನೊಬ್ಬ, ಹೆಂಡತಿ ಸತ್ತವನು, ಅತ್ತೆಯನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ಅಪ್ಪನನ್ನು ಕೇಳಿದ. ನಮ್ಮ ಜನರಲ್ಲಿ ಹೆಂಗಸಿನ ಎರಡನೆಯ ಮದುವೆಗೆ ಉಡಕಿ ಎನ್ನುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಮೊದಲನೆಯ ಗಂಡ ಬದುಕಿದ್ದರೆ ಅವನು ಹಿರಿಯರ ಮುಂದೆ ಒಂದು ಜೋಳದ ಕಡ್ಡಿ ಮುರಿಯಬೇಕು. ಮುರಿದರೆ ಹೆಂಡತಿ ಅವನ ಹೆಂಡತಿಯಲ್ಲ. ಮುರಿಯುವಾಗ ಯಾಕೆ, ಏನು, ಯಾರ ತಪ್ಪು ಎಂದು ಯಾರೂ ಕೇಳುವಂತಿಲ್ಲ. ಎಂಥ ಮೂರ್ಖ ಕಟ್ಟಳೆ ಎಂದು ನನಗೆ ಆಗ ಅನ್ನಿಸಿತ್ತು. ವಿಚಾರಣೆಯೇ ಇಲ್ಲದ ತೀರ್ಪು!

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪು ಗೆದ್ದು ಗೋಡೆಯ ಮಾಡದ ತುಂಬ ಸಾಲಾಗಿ ಇಟ್ಟ ಕಾಲ ಅದು. ಹಾದಿ ಬಿಟ್ಟವಳೇ ಹಾದರಗಿತ್ತಿ, ಹಾದರ ಪದ ಹುಟ್ಟಿದ್ದೇ ಹಾದಿಯಿಂದ ಎಂದು ಓಣಿಯವರು ಅರ್ಥ ಹಚ್ಚುತ್ತಿದ್ದರು. ನಮ್ಮ ಕನ್ನಡದ ಗುರುಗಳನ್ನು ಕೇಳಿದೆ. ಅವರು ನಕ್ಕು, "ಹಾದಿಗೂ ಅದಕ್ಕೂ ಸಂಬಂಧ ಇಲ್ಲೋ. ಹಳಗನ್ನಡದಾಗ ಅದು ಪಾದರ. ಅದರ ಹಿಂದ ಸಂಸ್ಕೃತದ ಪರದಾರ ಐತಿ. ಪರದಾರ ಅಂದ್ರ ಮತ್ತೊಬ್ಬನ ಹೆಂಡ್ತಿ" ಎಂದರು. ನಾನು ಕುಣಿದಾಡಿದೆ. ಮತ್ತೊಬ್ಬನ ಹೆಂಡತಿಯ ಕಡೆ ಹೋಗುವವನು ಗಂಡಸೇ ತಾನೇ? ಗಂಡಸಿನ ಕಸುಬಿಗೆ ಹುಟ್ಟಿದ ಪದವನ್ನು ಹೆಂಗಸಿನ ಕೊರಳಿಗೆ ಕಟ್ಟಿದವರು ಯಾರು?

ಈ ಅಮಲು ಇಳಿಯುವ ಮೊದಲೇ ಹಿರಿಯರು ಗುಡಿಯ ಪೌಳಿಯಲ್ಲಿ ಕೂಡಿದರು. ಮಾವ ಬಿಳಿ ಟೋಪಿ ಹಾಕಿಕೊಂಡು ಬಂದಿದ್ದ. ಅಷ್ಟರಲ್ಲಿ ಅವನು ಕರ್ನಾಟಕ ಏಕೀಕರಣದ ಭಾಷಣಕಾರನಾಗಿದ್ದ. ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿದು, ಮೀಸೆಯೊಳಗೇ, "ಹಾದರಗಿತ್ತಿ, ಪೀಡಾ ಹೋತು" ಎಂದ.

ನಾನು ಎದ್ದು ನಿಂತೆ. "ಮಾಮಾ, ಆ ಮಾತು ವಾಪಸ್ ತಗೋರಿ. ಅದರ ಅರ್ಥರ ಗೊತ್ತೈತೇನ್ರಿ ನಿಮಗ?"

"ಕುಂಡ್ರಲೇ" ಎಂದರು ಅಪ್ಪ. ಗೋಡೆಯ ಕಡೆ ಕುಳಿತಿದ್ದ ಅತ್ತೆಯೂ ಕಣ್ಣಿನಲ್ಲೇ ಕುಂಡ್ರು ಎಂದಳು. ನಾನು ಕೂಡಲಿಲ್ಲ. ಗುರುಗಳ ಪಾಠವನ್ನು ಪರದಾರದಿಂದ ಹಿಡಿದು ಪೂರ್ತಿ ಒಪ್ಪಿಸಿದೆ.

ಎಲ್ಲರಿಗಿಂತ ಹಿರಿಯರಾದ ಮುದುಕರು ಎಲೆ-ಅಡಿಕೆ ಉಗುಳಿ ಬಂದು ಕೂತರು. "ಅಂದ್ರ ತಮ್ಮಾ, ಮತ್ತೊಬ್ಬನ ಹೆಂಡ್ತಿ ಕಡೆ ಹೋದ್ರ ಅಷ್ಟ ಹಾದರ. ಪಕ್ಕಾ?"

"ಪಕ್ಕಾ ರೀ. ಪುಸ್ತಕದಾಗ ಐತಿ."

"ಇಂವ ಶಿರಹಟ್ಟಿಗೆ ತಂದಿಟ್ಟಾನಲ್ಲ, ಆಕಿ ಗಂಡ ಸತ್ತು ಎಷ್ಟೋ ವರ್ಷ ಆತು. ಆಕಿ ಈಗ ಯಾರ ಹೆಂಡ್ತಿ?"

ಉತ್ತರವನ್ನೂ ಅವರೇ ಹೇಳಿದರು.

"ಯಾರ್ದೂ ಅಲ್ಲ. ಅಲ್ಲಿಗೆ ಇಂವಂದು ಹಾದರ ಅಲ್ಲ. ಇನ್ನ ನಿಮ್ಮತ್ತಿ. ಕಡ್ಡಿ ಇನ್ನೂ ಇಂವನ ಕೈಯಾಗ ಇಡೀ ಐತಿ ನೋಡು. ಅಂದ್ರ ಆಕಿ ಇವತ್ತಿಗೂ ಇಂವನ ಹೆಂಡ್ತಿ. ಮುಂಡರಗಿಯಾಂವ ನೂಲಿನ ನೆವ ಮಾಡಿ ನಿಮ್ಮನಿಗೆ ಬರ್ತಾನ. ನಾವು ಯಾರರ ಕೇಳಿದ್ವೇನು? ನೀನ ಬಾಯಿ ಬಿಡಿಸಿದಿ. ಈಗ ಹೇಳು, ನಿನ್ನ ಪುಸ್ತಕದ ಹಾದರ ಯಾರ ಮನ್ಯಾಗ ನಡದೈತಿ?"

ಪೌಳಿಯೆಲ್ಲ ಘೊಳ್ಳೆಂದು ನಕ್ಕಿತು. ಆ ಮುದುಕರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನದೇ ಹಗ್ಗದಿಂದ ನನ್ನನ್ನು ಕಟ್ಟಿದ್ದರು.

"ಹಂಗಾರ ನಾ ಯಾಕ ಮುರೀಲಿ?" ಎಂದ ಮಾವ. "ತಪ್ಪು ನಂದಲ್ಲಂತ ಕಾಲೇಜ್ ಕಲತಾಂವನ ಹೇಳ್ಯಾನ." ಕೈಯಲ್ಲಿದ್ದ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತ ಚಪ್ಪಲಿ ಮೆಟ್ಟಿದ, ಹೋದ. ಹಿರಿಯರು ಆಮೇಲೆ ಎಷ್ಟು ಸಲ ಕರೆ ಕಳಿಸಿದರೂ ಅವನಿಗೆ ಪುರುಸೊತ್ತಾಗಲಿಲ್ಲ. ನಾಡು ಕೂಡಿಸುವುದಿತ್ತಲ್ಲ.

ಅವತ್ತು ಊಟಕ್ಕೆ ಬಡಿಸುವಾಗ ಅತ್ತೆ ಕೇಳಿದ್ದು ಇಷ್ಟೇ: "ಏನೋ ವಕೀಲಾ, ಇವತ್ತ ಕಪ್ಪು ಕೊಡಲಿಲ್ಲೇನು?"

ಇನ್ನೊಂದು ವರ್ಷ ಕಾದಳು. ಆಮೇಲೆ ಕಡ್ಡಿಯೂ ಇಲ್ಲದೆ ಉಡಕಿಯೂ ಇಲ್ಲದೆ ಮುಂಡರಗಿಗೆ ಹೋಗಿಬಿಟ್ಟಳು. ಓಣಿಯವರ ಹಾದರ ಶುರುವಾಗುವುದು ಇಲ್ಲಿಂದ. ಅಪ್ಪ ಆಕೆಯನ್ನು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು. ಮುಂಡರಗಿಯ ಹೆಂಗಸರು ಆಕೆಯ ಮಗ್ಗದ ಸೀರೆ ಉಡುತ್ತಾರೆ. ಮುತ್ತೈದೆಯೆಂದು ಆಕೆಗೆ ಉಡಿ ತುಂಬುವುದಿಲ್ಲ.

ಕರ್ನಾಟಕ ಒಂದಾದ ದಿನ ಗದಗಿನಲ್ಲಿ ಮಾವನ ಭಾಷಣ ಕೇಳಿ, ಪೇಢೆಯ ಪೊಟ್ಟಣ ಕಟ್ಟಿಸಿಕೊಂಡು ಮುಂಡರಗಿಯ ಬಸ್ಸು ಹತ್ತಿದೆ. ಅತ್ತೆ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು.

"ಏನಂದ ನಿಮ್ಮ ಮಾಮಾ?"

"ಅಗಲಿದವರೆಲ್ಲ ಒಂದಾದ್ವಿ ಅಂದ್ರು."

ಆಕೆ ರಾಟಿ ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪೇಢೆ ಬಾಯಿಗೆ ಹಾಕಿಕೊಂಡು ಮತ್ತೆ ರಾಟಿ ತಿರುಗಿಸಿದಳು. ನೂಲು ಕಡಿಯಿತು. ತಲೆ ತಗ್ಗಿಸಿ ಎಳೆ ಹುಡುಕತೊಡಗಿದಳು. ಅಷ್ಟು ವರ್ಷ ನಾಲಗೆಯ ತುದಿಯಲ್ಲಿದ್ದುದನ್ನು ಆಗ ಕೇಳಿದೆ:

"ಅತ್ತಿ, ನೀ ಕುಂಡ್ರು ಅಂದಾಗ ನಾ ಕುಂತಿದ್ರ, ಆಂವ ಕಡ್ಡಿ ಮುರೀತಿದ್ದ, ಹೌದಿಲ್ಲೋ?"