ನೆಗೆಕುರು ಬೆಟ್ಟದ ಕೊರೆಗಲ್ಲು ಕಾದವನು

ಕಾಂಟೆ ಕುಲದ ಫಾಮೊರೊನನ್ನು ಊರಿನವರು ಈಗ ಹೆಸರು ಹಿಡಿದು ಕರೆಯುವುದಿಲ್ಲ. ಕರೆಯಲೇಬೇಕಾಗಿ ಬಂದರೆ ‘ಕಂಪನಿಯವನು’ ಎನ್ನುತ್ತಾರೆ. ಅವನು ಕಂಪನಿಯನ್ನು ಬಿಟ್ಟು, ಅಥವಾ ಕಂಪನಿ ಅವನನ್ನು ಬಿಟ್ಟು, ಮೂರು ವರ್ಷ ಕಳೆದಿದೆ. ಆದರೂ ಆ ಹೆಸರು ಹೋಗಲಿಲ್ಲ.

ಅವನಪ್ಪ ಕುಲುಮೆಯವನು. ನೆಗೆಕುರು ಬೆಟ್ಟದ ಬುಡದ ಸಾನಿಂಕೊರೊ ಊರಿಗೂ ಸುತ್ತಲಿನ ಆರೇಳು ಹಳ್ಳಿಗಳಿಗೂ ಗುದ್ದಲಿ ಕುಡುಗೋಲು ಮಾಡಿಕೊಟ್ಟವನು. ಸಂತೆಗೆ ಚೀನಾದ ಗುದ್ದಲಿ ಬಂದ ಮೇಲೆ ಹರಿದ ತಿದಿಯನ್ನು ಹೊಲಿಸುವ ಗೋಜಿಗೇ ಹೋಗಲಿಲ್ಲ. ಮಗನಿಗೆ ಉಳಿದದ್ದು ಒಂದು ಸುತ್ತಿಗೆ, ಒಂದಿಷ್ಟು ಉಳಿಗಳು, ಕಲ್ಲನ್ನು ಅಂಗೈಯಲ್ಲಿ ತೂಗಿ ಇದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳಬಲ್ಲ ಕೈ. ಆ ಕೈಗೆ ಬೆಲೆ ಬಂದದ್ದು ಬೆಟ್ಟದಲ್ಲಿ ಅದಿರು ಹುಡುಕುವ ಮೊದಲ ಕಂಪನಿ ಬಂದಾಗ.

ಆ ಕಂಪನಿಯ ಬಿಳಿಯ ಇಂಜಿನಿಯರು ಮೇಜಿನ ಮೇಲೆ ಏಳು ಕಲ್ಲುಗಳನ್ನಿಟ್ಟು, ತಮಾಷೆಗೆಂದೇ, ದಾರಿ ಸವರಲು ಬಂದ ಆಳುಗಳಿಗೆ ಅದಿರಿರುವುದನ್ನು ಆರಿಸಲು ಹೇಳಿದ್ದ. ಫಾಮೊರೊ ಒಂದೊಂದನ್ನೇ ಕೈಯಲ್ಲಿಟ್ಟು ನೋಡಿ, ಎರಡನ್ನು ಎತ್ತಿಟ್ಟು, ಉಳಿದ ಐದನ್ನು ಕಿಟಕಿಯಿಂದಾಚೆ ಎಸೆದುಬಿಟ್ಟ. ಇಂಜಿನಿಯರು ನಗುವುದನ್ನು ನಿಲ್ಲಿಸಿ ಅವನ ಹೆಸರು ಕೇಳಿ ಬರೆದುಕೊಂಡ.

ಮುಂದೆ ಆರು ವರ್ಷ ಅವನು ಅವರ ಜೊತೆ ಬೆಟ್ಟ ಹತ್ತಿ ಇಳಿದ. ಕೊರೆಯುವ ಯಂತ್ರವನ್ನು ಬಿಡಿಬಿಡಿಯಾಗಿ ಹೊತ್ತು ಮೇಲೆ ಸಾಗಿಸಿದರು. ಯಂತ್ರ ನೆಲಕ್ಕೆ ಇಳಿದು, ಮಣಿಕಟ್ಟಿನಷ್ಟು ದಪ್ಪದ ಉದ್ದುದ್ದ ಕಲ್ಲಿನ ಕೋಲುಗಳನ್ನು ಮೇಲೆತ್ತುತ್ತಿತ್ತು. ಅದೇ ಕೊರೆಗಲ್ಲು. ಯಾವ ಕುಳಿಯದು, ಎಷ್ಟು ಆಳದ್ದು ಎಂದು ಗುರುತು ಬರೆದು, ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಡಬೇಕು. ಬೆಟ್ಟದ ಒಳಗೆ ಏನಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ನೂರ ಎಂಬತ್ತನಾಲ್ಕು ಕುಳಿ ಕೊರೆಯುವಷ್ಟರಲ್ಲಿ ಊರಿನ ಮಸೀದಿಗಿಂತ ನಾಲ್ಕು ಪಟ್ಟು ಉದ್ದದ ತಗಡಿನ ಶೆಡ್ಡು ತುಂಬಿತ್ತು. ಅದರ ಬೀಗದ ಕೈಯನ್ನು ಫಾಮೊರೊನ ಕೊರಳಿಗೆ ಹಾಕಿದರು. ಅಕ್ಷರ ಬಾರದಿದ್ದರೂ ಅಂಕಿ ಕಲಿತ. ‘ತೊಂಬತ್ತೇಳನೇ ಕುಳಿ, ಇನ್ನೂರು ಮೀಟರು’ ಎಂದರೆ ಕತ್ತಲಲ್ಲೂ ಪೆಟ್ಟಿಗೆ ಎಳೆದು ಕೊಡುತ್ತಿದ್ದ.

ಊರು ಆಗ ಅವನನ್ನು ತಲೆ ಮೇಲೆ ಹೊತ್ತಿತ್ತು. ಮುಖ್ಯಸ್ಥ ಮೊರಿಫಿಂಗ್ ಕಮಾರಾ ಸಭೆಯಲ್ಲಿ ಮರ್ಯಾದೆಗೆಂದು ಹಂಚುವ ಕೋಲಾ ಕಾಯಿಯ ಮೊದಲ ಹೋಳನ್ನು ಅವನ ಕೈಗಿಡುತ್ತಿದ್ದ. ಕಮ್ಮಾರ ಕುಲದವನಿಗೆ ಸಾನಿಂಕೊರೊದಲ್ಲಿ ಅಂಥ ಮರ್ಯಾದೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಆಮೇಲೆ ಆ ಜ್ವರ ಬಂತು. ಮುಟ್ಟಿದವರನ್ನೆಲ್ಲ ಹೊತ್ತೊಯ್ಯುವ ಜ್ವರ. ಅದೇ ವರ್ಷ ಹೊರದೇಶಗಳಲ್ಲಿ ಅದಿರಿನ ಬೆಲೆಯೂ ಬಿತ್ತಂತೆ. ಕಂಪನಿಯವರು ಎರಡೇ ದಿನದಲ್ಲಿ ಕ್ಯಾಂಪು ಕಿತ್ತರು. ಜೀಪು ಹತ್ತುವಾಗ ಇಂಜಿನಿಯರು ಫಾಮೊರೊನ ಭುಜ ಹಿಡಿದು ಹೇಳಿದ: “ಆರು ತಿಂಗಳು. ಒಂದು ಪೆಟ್ಟಿಗೆಯೂ ಅದಲುಬದಲಾಗಬಾರದು. ಅದಲುಬದಲಾದರೆ ಆರು ವರ್ಷದ ಕೆಲಸ ಬರೀ ಕಲ್ಲಿನ ರಾಶಿ.”

ಆರು ತಿಂಗಳು ಹೋಗಿ ಒಂಬತ್ತು ವರ್ಷವಾಯಿತು. ಸಂಬಳ ಮೊದಲ ವರ್ಷವೇ ನಿಂತಿತು.

ಅವನು ಯಾಕೆ ಕಾದ ಎಂದು ಕೇಳಿದರೆ ಅವನಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಕಂಪನಿ ತಿರುಗಿ ಬಂದರೆ ಕೆಲಸ ಸಿಗುತ್ತದೆ ಎಂಬ ಆಸೆ ಇತ್ತು, ಸುಳ್ಳಲ್ಲ. ಆದರೆ ಬರೀ ಆಸೆಗೆ ಯಾರೂ ಒಂಬತ್ತು ಮಳೆಗಾಲ ತಗಡಿನ ಕೆಳಗೆ ಮಲಗುವುದಿಲ್ಲ. ಗೆದ್ದಲು ತಿಂದ ಪೆಟ್ಟಿಗೆಗೆ ಹೊಸ ಹಲಗೆ ಹೊಡೆದ. ತೇವಕ್ಕೆ ಗುರುತಿನ ಬಣ್ಣ ಅಳಿಸತೊಡಗಿದಾಗ, ಖಾಲಿ ಎಣ್ಣೆ ಡಬ್ಬಿಗಳನ್ನು ಕತ್ತರಿಸಿ ಪಟ್ಟಿ ಮಾಡಿ, ಒಂದೊಂದು ಅಂಕಿಯನ್ನೂ ಉಳಿಯಿಂದ ತಟ್ಟಿ, ಹನ್ನೊಂದು ಸಾವಿರ ಪೆಟ್ಟಿಗೆಗೂ ಮೊಳೆ ಹೊಡೆದ. ಅದಕ್ಕೇ ಮೂರು ವರ್ಷ ಹಿಡಿಯಿತು.

“ನಿನ್ನ ಇನ್ನೊಬ್ಬಳು ಹೆಂಡತಿ ಹೇಗಿದಾಳೆ?” ಎನ್ನುತ್ತಿದ್ದಳು ಅವನ ಹೆಂಡತಿ ಸರಾನ್, ಅನ್ನದ ಬೋಗುಣಿ ತಂದಿಟ್ಟು. “ಊಟ ಕೇಳಲ್ಲ, ಬಟ್ಟೆ ಕೇಳಲ್ಲ. ನಂಗಿಂತ ಒಳ್ಳೇವಳೇ ಸಿಕ್ಕಿದಾಳೆ ಬಿಡು.”

ಅವನು ನಗುತ್ತಿದ್ದ. ಆಗಿನ್ನೂ ಸರಾನಳ ಕೊಂಕಿನಲ್ಲಿ ಪ್ರೀತಿ ಇತ್ತು.

ಅದು ಹೋದದ್ದು ಐದನೇ ವರ್ಷ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿ ಶಾಲೆಯ ಚಾವಣಿಯನ್ನು ಕಿತ್ತು ಹಳ್ಳಕ್ಕೆ ಎಸೆಯಿತು. ಮರುದಿನ ಮೊರಿಫಿಂಗ್ ಕಮಾರಾ ಹತ್ತು ಜನರನ್ನು ಕರೆದುಕೊಂಡು ಶೆಡ್ಡಿನ ಮುಂದೆ ಬಂದು ನಿಂತ.

“ಕಾಂಟೆ, ಇಡೀ ಶೆಡ್ಡು ಕೇಳ್ತಿಲ್ಲ. ಮೂಲೇಲಿ ಮೂವತ್ತು ತಗಡು ಬಿಚ್ಕೊಡು. ಪೆಟ್ಟಿಗೆಗಳನ್ನ ಈ ಕಡೆ ಜರುಗಿಸಿ ಒತ್ತಾಗಿ ಇಟ್ರಾಯ್ತು. ನಾವೇ ಜರುಗಿಸ್ತೀವಿ.”

“ಜರುಗಿಸಿದ್ರೆ ಕ್ರಮ ತಪ್ಪುತ್ತೆ, ಯಜಮಾನ್ರೆ.”

“ಕಲ್ಲಿಗೆ ಎಂಥ ಕ್ರಮನಯ್ಯಾ?”

“ಅದು ನನ್ನದಲ್ಲ. ಕೊಡೋ ಹಕ್ಕು ನನಗಿಲ್ಲ.”

“ಯಾರದು ಹಾಗಾದ್ರೆ? ಐದು ವರ್ಷದಿಂದ ಯಾರಾದ್ರೂ ಬಂದು ಇದು ನಮ್ಮದು ಅಂದಿದಾರಾ? ಬೆಟ್ಟ ನಮ್ಮದು, ಕಲ್ಲು ಬೆಟ್ಟದ್ದು.”

ಫಾಮೊರೊ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೈಯಲ್ಲಿ ಸುತ್ತಿಗೆ ಇತ್ತು. ಎತ್ತಲಿಲ್ಲ, ಆದರೆ ಕೆಳಗೂ ಇಡಲಿಲ್ಲ. ಮೊರಿಫಿಂಗ್ ಆ ಸುತ್ತಿಗೆಯನ್ನೇ ಸ್ವಲ್ಪ ಹೊತ್ತು ನೋಡಿ, ಜನರನ್ನು ಹಿಂದಕ್ಕೆ ಕರೆದುಕೊಂಡು ಹೋದ. ಮುಂದಿನ ಸಭೆಯಲ್ಲಿ ಕೋಲಾ ಹೋಳು ಫಾಮೊರೊನ ಪಕ್ಕದವನಿಗೆ ಹೋಗಿ, ಅಲ್ಲಿಂದ ಅವನನ್ನು ದಾಟಿ ಆಚೆಯವನಿಗೆ ಹೋಯಿತು.

ಮಾವಿನ ಮರದ ಕೆಳಗೆ ನಡೆದ ಪಾಠ ಮೊದಲ ಮಳೆಗೆ ನಿಂತಿತು. ಮೇಷ್ಟರು ಪೇಟೆಗೆ ಹೋದವರು ತಿರುಗಿ ಬರಲಿಲ್ಲ. ಫಾಮೊರೊನ ಮಗಳು ನ್ಯಾಲೆನ್ ಆಗ ಆರನೇ ತರಗತಿಯಲ್ಲಿದ್ದಳು. ಹದಿನಾರಕ್ಕೆ ಅವಳನ್ನು ಪೇಟೆಯ ಒಣಮೀನಿನ ವ್ಯಾಪಾರಿಗೆ ಎರಡನೇ ಹೆಂಡತಿಯಾಗಿ ಕೊಟ್ಟರು. ಮದುವೆಯ ಮರುದಿನ ಸರಾನ್ ಶೆಡ್ಡಿಗೆ ಬಂದಳು. ಬೋಗುಣಿ ತಂದಿರಲಿಲ್ಲ.

“ಕಲ್ಲಿಗೆ ಸೂರು ಬೇಕು ಅಂದೆ. ಆಯ್ತು. ಇನ್ಮೇಲೆ ಅನ್ನನೂ ಕಲ್ಲೇ ಮಾಡಿ ಹಾಕ್ಲಿ.”

ಅಂದಿನಿಂದ ಅವನು ತನ್ನ ಅನ್ನ ತಾನೇ ಬೇಯಿಸಿಕೊಂಡ.

ಒಂಬತ್ತನೇ ವರ್ಷದ ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಹೊಸ ಜೀಪು ನಿಂತಿತು. ಬೆಟ್ಟವನ್ನು ಬೇರೊಂದು ಕಂಪನಿ ತೆಗೆದುಕೊಂಡಿತ್ತು. ಇಳಿದವಳು ಹಸಾತು ಬಾ ಎಂಬ ಭೂವಿಜ್ಞಾನಿ, ದನ ಕಾಯುವ ಫುಲಾ ಕುಲದವಳು, ಮೂವತ್ತೈದರ ಆಸುಪಾಸು. ಒಳಗೆ ಬಂದು, ಸಾಲು ಸಾಲು ಪೆಟ್ಟಿಗೆಗಳ ಮೇಲಿನ ತಗಡಿನ ಪಟ್ಟಿಗಳನ್ನು ಬೆರಳಿನಿಂದ ಸವರುತ್ತಾ ತುದಿಯವರೆಗೆ ನಡೆದಳು. ಹಿಂದಿರುಗಿ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು.

“ಇದನ್ನೆಲ್ಲ ಯಾರು ಮಾಡಿದ್ದು?”

“ನಾನೇ. ಕಾಂಟೆ.”

“ಓಹೋ, ಕಮ್ಮಾರ. ಅಂದ್ರೆ ನಮ್ಮನೆ ಆಳು,” ಎಂದಳು ಅವಳು ಕಣ್ಣೊರೆಸಿಕೊಂಡು. ಫುಲಾದವರಿಗೂ ಕಮ್ಮಾರರಿಗೂ ಹೀಗೆ ಜರೆದುಕೊಳ್ಳುವ ಸಲಿಗೆ ತಲೆತಲಾಂತರದ್ದು.

“ದನದ ಬಾಲ ಹಿಡ್ಕೊಂಡು ಹೋಗೋರಿಗೆ ಕಲ್ಲಿನ ವಿಷಯ ಏನಮ್ಮಾ ಗೊತ್ತು?” ಎಂದ ಅವನು. ಶಾಲೆಯ ಚಾವಣಿ ಹಾರಿದ ಮೇಲೆ ಅವನ ಜೊತೆ ಯಾರೋ ತಮಾಷೆ ಮಾಡಿದ್ದು ಅದೇ ಮೊದಲು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಕಲ್ಲುಗಳನ್ನು ಅಳೆದರು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹೆಲಿಕಾಪ್ಟರು ಬಂತು, ರಾಜಧಾನಿಯಿಂದ ಅಧಿಕಾರಿಗಳು ಬಂದರು. ನಾಲ್ಕು ತಿಂಗಳ ನಂತರ ಊರಿನ ಬಯಲಿನಲ್ಲಿ ಶಾಮಿಯಾನ ಹಾಕಿ ಎಲ್ಲರನ್ನೂ ಕರೆದರು. ಹಸಾತು ಎದ್ದು ನಿಂತು ಊರಿನ ಭಾಷೆಯಲ್ಲೇ ಮಾತಾಡಿದಳು.

“ಸರ್ಕಾರ ನಮಗೆ ಕೊಟ್ಟಿದ್ದ ಗಡುವು ಈ ವರ್ಷದ ಕೊನೆಗೆ ಮುಗೀತಿತ್ತು. ಅಷ್ಟರಲ್ಲಿ ಅದಿರು ಎಷ್ಟಿದೆ ಅಂತ ತೋರಿಸದೇ ಇದ್ದಿದ್ರೆ ಬೆಟ್ಟ ನಮ್ಮ ಕೈ ತಪ್ಪಿ ಹೋಗ್ತಿತ್ತು. ಹೊಸದಾಗಿ ಕೊರೆಯೋಕೆ ಎರಡು ವರ್ಷ ಬೇಕಿತ್ತು. ಆ ಎರಡು ವರ್ಷ ನಮಗೆ ಕೊಟ್ಟಿದ್ದು ನಿಮ್ಮೂರಿನ ಈ ಒಬ್ಬ ಮನುಷ್ಯ.”

ಫಾಮೊರೊನನ್ನು ಮುಂದಕ್ಕೆ ಕರೆದು ಹಳದಿ ಹೆಲ್ಮೆಟ್ಟು ತೊಡಿಸಿ, ಚೌಕಟ್ಟು ಹಾಕಿದ ಒಂದು ಕಾಗದ ಕೊಟ್ಟರು. ಚಪ್ಪಾಳೆ ತಟ್ಟಿದವರು ಶಾಮಿಯಾನದ ಮುಂದಿನ ಎರಡು ಸಾಲಿನವರು.

ಅವಳಾದ ಮೇಲೆ ಎದ್ದ ಅಧಿಕಾರಿ ನಕ್ಷೆ ಬಿಡಿಸಿದ. ಕೊರೆಗಲ್ಲಿನ ಲೆಕ್ಕದ ಪ್ರಕಾರ ಅದಿರು ಬೆಟ್ಟದ ಪೂರ್ವದ ಇಳಿಜಾರಿನ ಕೆಳಗೂ ಹರಡಿತ್ತು. ಅಲ್ಲೇ ಮೊದಲು ಅಗೆಯುವುದು. ಅಗೆದ ಮಣ್ಣು ಸುರಿಯುವ ಜಾಗ, ಅದಿರು ಪುಡಿ ಮಾಡುವ ಯಂತ್ರದ ಜಾಗ, ರೈಲಿಗೆ ತುಂಬುವ ಜಾಗ, ಎಲ್ಲವೂ ಸಾನಿಂಕೊರೊ ಇರುವ ಕಡೆಯೇ. ಊರನ್ನು ಹದಿನಾಲ್ಕು ಕಿಲೋಮೀಟರ್ ಆಚೆಯ ಬಯಲಿಗೆ ಸಾಗಿಸಲಾಗುವುದು. ಸಿಮೆಂಟಿನ ಮನೆ, ನಲ್ಲಿ ನೀರು, ಶಾಲೆ.

ಮೊರಿಫಿಂಗ್ ಕಮಾರಾ ಕೋಲೂರಿಕೊಂಡು ನಿಧಾನವಾಗಿ ಎದ್ದು ಬಂದು ಫಾಮೊರೊನ ಮುಂದೆ ನಿಂತ.

“ಎರಡು ವರ್ಷ ಕೊಟ್ಟೆಯಂತೆ, ಕಾಂಟೆ.”

“ಯಜಮಾನ್ರೆ, ನನಗೆ ಗೊತ್ತಿರಲಿಲ್ಲ...”

“ಆವತ್ತು ಮೂವತ್ತು ತಗಡು ಬಿಚ್ಚಿದ್ರೆ ಮಳೆಯೇ ನಮ್ಮ ಊರು ಉಳಿಸ್ತಿತ್ತು. ಹೆಂಗಸರು ಪೆಟ್ಟಿಗೆ ಒಲೆಗೆ ಕೇಳಿದ್ರು, ಕೊಟ್ಟಿದ್ರೆ ಅವರೇ ಉಳಿಸ್ತಿದ್ರು. ನೀನು ಯಾರಿಗೂ ಬಿಡಲಿಲ್ಲ.” ಮುದುಕ ಉಗುಳಲಿಲ್ಲ, ಬೈಯಲಿಲ್ಲ. ಅವನ ತಲೆಯ ಮೇಲಿನ ಹೆಲ್ಮೆಟ್ಟನ್ನು ಕೋಲಿನ ತುದಿಯಿಂದ ಮೆಲ್ಲಗೆ ಎರಡು ಸಲ ತಟ್ಟಿದ. “ಗಟ್ಟಿಯಾಗಿದೆ. ಹಾಕ್ಕೊಂಡೇ ಇರು.”

ಕೊರೆಗಲ್ಲುಗಳನ್ನು ಕಂಟೇನರಿಗೆ ತುಂಬಿ ಬಂದರಿನ ಊರಿಗೆ ಒಯ್ದರು. ಶೆಡ್ಡನ್ನು ಒಂದೇ ದಿನದಲ್ಲಿ ಬಿಚ್ಚಿದರು. ತಗಡುಗಳೆಲ್ಲ ತುಕ್ಕು ಹಿಡಿದಿವೆ ಎಂದು ಬುಲ್ಡೋಜರಿನಿಂದ ತಳ್ಳಿ ಹೂಳಿದರು. ಫಾಮೊರೊ ಗಣಿಯ ಕೆಲಸ ಕೇಳಲು ಹೋದ. ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವುದು ಕಂಪನಿಯಲ್ಲ, ಗುತ್ತಿಗೆದಾರ ಎಂದರು. ಗುತ್ತಿಗೆದಾರನ ಗುಮಾಸ್ತ ವಯಸ್ಸು ಕೇಳಿದ, ಓದು ಕೇಳಿದ, ಎದೆಯ ಎಕ್ಸ್‌ರೇ ತೆಗೆಸಿದ. ಒಂಬತ್ತು ವರ್ಷದ ಕಲ್ಲಿನ ದೂಳು ಅದರಲ್ಲಿ ಬಿಳಿಯಾಗಿ ಕಂಡಿತು. ಚೌಕಟ್ಟಿನ ಕಾಗದ ತೋರಿಸಿದ್ದಕ್ಕೆ ಗುಮಾಸ್ತ ಅದನ್ನು ಓದಿ, “ಚೆನ್ನಾಗಿದೆ,” ಎಂದು ಹಿಂದಕ್ಕೆ ಕೊಟ್ಟ.

ಹೊಸ ಊರಿನಲ್ಲಿ ಮನೆ ಸಿಕ್ಕಿದ್ದು ಸರಾನಳ ಹೆಸರಿಗೆ. ಜನಗಣತಿಯವರು ಬಂದಾಗ ಫಾಮೊರೊ ಶೆಡ್ಡಿನಲ್ಲಿದ್ದ, ಶೆಡ್ಡು ಮನೆಯಲ್ಲ ಎಂದು ಬಿಟ್ಟಿದ್ದರು. ಗಂಟು ಹೊತ್ತು ಬಾಗಿಲಲ್ಲಿ ನಿಂತವನನ್ನು ಸರಾನ್ ಬಹಳ ಹೊತ್ತು ನೋಡಿದಳು.

“ಒಳಗೆ ಬಾ. ಊರವರ ಮುಂದೆ ನಿಂತ್ಕೊಂಡು ನನ್ನ ಮರ್ಯಾದೆ ತೆಗೀಬೇಡ.”

ಹಿಂದಿನ ಕೋಣೆ ಕೊಟ್ಟಳು, ಅನ್ನವನ್ನೂ ಹಾಕಿದಳು. ಕೊಂಕು ಮಾತ್ರ ಆಡಲಿಲ್ಲ. ಅವನನ್ನು ಅದೇ ಹೆಚ್ಚು ನೋಯಿಸಿತು. ಬಯಲಿನ ನೆಲ ಕೆಂಪು ಬಂಡೆ, ಗೆಣಸು ಬೆರಳು ಗಾತ್ರಕ್ಕೆ ಬೆಳೆದು ನಿಲ್ಲುತ್ತಿತ್ತು. ನಲ್ಲಿಯಲ್ಲಿ ಬೇಸಿಗೆಯಲ್ಲಿ ಗಾಳಿ ಬರುತ್ತಿತ್ತು. ಶಾಲೆಯೇನೋ ಕಟ್ಟಿದ್ದರು, ಚಾವಣಿಯೂ ಗಟ್ಟಿಯಾಗಿತ್ತು, ಮೇಷ್ಟರು ಬರುವುದು ಬಾಕಿ. ಮೊರಿಫಿಂಗ್ ಕಮಾರಾ ಹೊಸ ಊರಿಗೆ ಬಂದ ಎರಡನೇ ಮಳೆಗಾಲಕ್ಕೆ ತೀರಿಕೊಂಡ. ಫಾಮೊರೊ ಹೆಣ ಹೊರಲು ಹೆಗಲು ಕೊಡಲು ಹೋದಾಗ, ಚಟ್ಟ ಹೊತ್ತವರು ಅವನಿಗೆ ಜಾಗ ಬಿಡದೆ ಒತ್ತೊತ್ತಾಗಿ ನಡೆದರು.

ಮೊದಲ ಅದಿರಿನ ರೈಲು ಹೊರಟ ಕೆಲವು ವಾರಗಳ ಮೇಲೆ ಹಸಾತು ಬಂದಳು. ಅಕ್ಕಿ ಚೀಲ, ಸಕ್ಕರೆ, ಕೋಲಾ ಕಾಯಿ ತಂದಿದ್ದಳು. ಅವಳು ಒಳ್ಳೆಯ ಹೆಣ್ಣು, ಬಂದು ನೆಲದ ಮೇಲೇ ಕೂತಳು.

“ಕಾಂಟೆ, ದಕ್ಷಿಣದ ಮರಾಕುರು ಬೆಟ್ಟ ನೀನು ಹತ್ತಿದೀಯಲ್ಲ. ಅಲ್ಲೂ ಹುಡುಕೋಕೆ ಅನುಮತಿ ಸಿಕ್ಕಿದೆ. ದಾರಿ ಗೊತ್ತಿರೋರು ಬೇಕು. ಈ ಸಲ ಗುತ್ತಿಗೆದಾರ ಇಲ್ಲ, ನಾನೇ ನಿನ್ನ ತಗೋತೀನಿ.”

ಮರಾಕುರು ಅವನಿಗೆ ಅಂಗೈ ಗೆರೆಯಷ್ಟೇ ಗೊತ್ತಿತ್ತು. ಅಪ್ಪ ಅಲ್ಲಿಂದ ತರುತ್ತಿದ್ದ ಕಲ್ಲು ನೆಗೆಕುರುವಿನದಕ್ಕಿಂತ ಭಾರ. ಆ ಬೆಟ್ಟದ ಬುಡದಲ್ಲಿ ಎರಡು ಹಳ್ಳಿಗಳಿದ್ದವು. ಬಾಗಿಲ ಬಳಿ ಸರಾನ್ ಅಕ್ಕಿ ಆರಿಸುವುದನ್ನು ನಿಲ್ಲಿಸಿದ್ದಳು.

“ಅಲ್ಲೇನಿಲ್ಲಮ್ಮಾ,” ಎಂದ ಅವನು. “ಬರೀ ಜಂಬಿಟ್ಟಿಗೆ. ನಾನು ನೋಡಿದೀನಿ.”

ಹಸಾತು ಅವನ ಮುಖವನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ಅವನಿಗೂ ತಿಳಿಯಿತು.

“ಸರಿ,” ಎಂದು ಎದ್ದಳು. “ಬೇರೆ ಯಾರನ್ನಾದ್ರೂ ಕೇಳ್ತೀನಿ.”

ಬೇರೆ ಯಾರನ್ನೋ ಕೇಳಿದಳು. ಆ ಕಡೆಯ ಬೇಟೆಗಾರನೊಬ್ಬ ಒಪ್ಪಿಕೊಂಡನಂತೆ. ಊರು ಉಳಿಸಲು ಒಂದು ಸುಳ್ಳಾದರೂ ಹೇಳಿದೆ ಎಂಬ ಫಾಮೊರೊನ ತೃಪ್ತಿ ಒಂದು ತಿಂಗಳೂ ಉಳಿಯಲಿಲ್ಲ. ಮಳೆ ನಿಂತ ಮೊದಲ ವಾರ ಗಾಳಿ ದಕ್ಷಿಣದಿಂದ ಬೀಸಿದಾಗ, ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಫಾಮೊರೊಗೆ ಕೊರೆಯುವ ಯಂತ್ರದ ಸದ್ದು ಕೇಳಿಸಿತು.

“ಏನದು?” ಎಂದಳು ಸರಾನ್.

“ಮರಾಕುರು.”

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಆಮೇಲೆ ಬೋಗುಣಿಗೆ ಅನ್ನ ಬಡಿಸಿ, ಒಂದು ಕೊಂಕೂ ಆಡದೆ ಅವನ ಮುಂದಿಟ್ಟು, ತಾನು ಎಂದಿನಂತೆ ಒಳಗೆ ಹೋಗಿ ಉಂಡಳು.