ಎರಡನೇ ಬ್ರೇಕು

ಡ್ರೈವಿಂಗ್ ಶಾಲೆ ನಡೆಸುತ್ತಿದ್ದ ಆ ಟೀಚರಮ್ಮನಿಗೆ ಕಲಿಯಲು ಬಂದವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಬ್ರೇಕಮ್ಮ. ಅದು ಅವಳಿಗೂ ಗೊತ್ತಿತ್ತು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಬೇಜಾರು ಮಾಡಿಕೊಂಡಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೇ ಬ್ರೇಕನ್ನು ಒತ್ತಿಕೊಂಡೇ ಬಂದವಳು. ಆ ಬ್ರೇಕಿನಿಂದ ಒಂದು ಕಬ್ಬಿಣದ ಸರಳು ಹೋಗಿ ಡ್ರೈವರ್ ಕಡೆಯ ಬ್ರೇಕಿಗೆ ಸೇರುತ್ತಿತ್ತು. ಕಲಿಯುವವನು ಗಾಬರಿಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ, ಇವಳು ಒತ್ತಿದರೆ ಕಾರು ನಿಲ್ಲಲೇಬೇಕು. ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಬಸ್ಸಿನಲ್ಲಿ ಕೂತರೂ ಅವಳ ಪಾದ ನೆಲವನ್ನು ಒತ್ತುತ್ತಿತ್ತು. ಮನೆಯಲ್ಲಿ ಟಿವಿ ಪರದೆಯ ಮೇಲೆ ಕಾರು ಬಂದರೂ ಒತ್ತುತ್ತಿತ್ತು. ಸೋಫಾದ ಮುಂದಿನ ಜಮಖಾನೆ ಬಲಗಾಲಿನ ಜಾಗದಲ್ಲಿ ಮಾತ್ರ ಸವೆದು ದಾರ ಕಾಣಿಸುತ್ತಿತ್ತು.

ಊರಲ್ಲಿ ಅರ್ಧ ಜನಕ್ಕೆ ಲೈಸೆನ್ಸ್ ಕೊಡಿಸಿದ ಈ ಹೆಂಗಸಿನ ಸ್ವಂತ ಮಗಳು ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ನಾಚಿಕೆಗೇಡು ಅಂದರೆ ಇದೇ ಅಲ್ಲವೇ. ಮೂರೂ ಸಲ ಒಂದೇ ಜಾಗದಲ್ಲಿ, ನಿಲ್ಲುವ ಗೆರೆಯ ಹತ್ತಿರ. ಗೇರು, ತಿರುವು, ರಿವರ್ಸು ಎಲ್ಲದರಲ್ಲೂ ಹುಡುಗಿ ಸೈ. ಗೆರೆ ಬಂದಾಗ ಮಾತ್ರ ಸುಮ್ಮನೆ ಕಾಯುತ್ತಿದ್ದಳು, ಅಮ್ಮ ಒತ್ತುತ್ತಾಳೆ ಎಂದು. ಪಕ್ಕದಲ್ಲಿ ಕೂತಿರುವುದು ಅಮ್ಮ ಅಲ್ಲ, ಇನ್‌ಸ್ಪೆಕ್ಟರು ಎಂದು ತಲೆಗೆ ಹೊಳೆಯುವಷ್ಟರಲ್ಲಿ ಮುಂದಿನ ಚಕ್ರ ಗೆರೆ ದಾಟಿರುತ್ತಿತ್ತು.

ಇದರಲ್ಲಿ ಬರೀ ಮಾನದ ಪ್ರಶ್ನೆ ಇರಲಿಲ್ಲ. ಮಗಳಿಗೆ ಪಶು ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ವ್ಯಾನಿನಲ್ಲಿ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಒಬ್ಬಳೇ ಹೊಲಮನೆಗಳಿಗೆ ಹೋಗಬೇಕು. ಮೂರು ತಿಂಗಳೊಳಗೆ ಲೈಸೆನ್ಸ್ ತಂದರೆ ಸರಿ, ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ನಾಲ್ಕು ವರ್ಷ ಓದಿ ಗಿಟ್ಟಿಸಿದ ಕೆಲಸ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಲು ಹೆದರದ ಹುಡುಗಿ ಒಂದು ಬಿಳಿ ಗೆರೆಯ ಮುಂದೆ ಕೈಕಾಲು ಬಿಡುತ್ತಿದ್ದಳು.

ಕಾರಿನಲ್ಲಿ ಕೂರಿಸಿ ಹೇಳಿಕೊಡೋಣವೆಂದರೆ ಐದು ನಿಮಿಷಕ್ಕೆ ಅಮ್ಮ ಮಗಳಿಗೆ ಜಟಾಪಟಿ. "ಗೆರೆ ಬಂದ್ರೂ ನೀನ್ಯಾಕೆ ಒತ್ತಲ್ವೇ?" ಎಂದು ತಾಯಿ. "ನೀನು ಒತ್ತಿದ್ರೆ ನಾನ್ಯಾಕೆ ಒತ್ತಲಿ?" ಎಂದು ಮಗಳು. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಮನೆಗೆ ಬರುವುದು.

ಹೀಗಿರುವಾಗ ಬ್ರೇಕಮ್ಮ ಗೋಡೆ ಗಡಿಯಾರ ರಿಪೇರಿಗೆ ಕೊಡಲು ಗಡಿಯಾರದವರ ಅಂಗಡಿಗೆ ಹೋದಳು. ಅರವತ್ತು ದಾಟಿದ ಅವರು ಕಾರು ಕಲಿತದ್ದು ಇವಳ ಹತ್ತಿರವೇ. ಕಪಾಟಿನ ಮೇಲೆ, ಗಾಜಿನ ಡಬ್ಬದೊಳಗೆ, ಒಂದು ಮೊಳ ಉದ್ದದ ಆಟದ ಕಾರು ಕೂತಿತ್ತು. ಮುಂದೆ ತೆಳ್ಳಗಿನ ಚಕ್ರ, ಹಿಂದೆ ಮುಳ್ಳುಮುಳ್ಳಾದ ದಪ್ಪ ಚಕ್ರ, ಹಳದಿ ಸ್ಪ್ರಿಂಗುಗಳು. ಮರಳು ಗುಡ್ಡೆಗಳ ಮೇಲೆ ಹಾರಿಸಲು ಮಾಡಿದ, ಬಗ್ಗಿ ಎಂದು ಕರೆಯುವ ರಿಮೋಟ್ ಕಾರು. ನಲವತ್ತು ವರ್ಷ ಹಿಂದೆ, ಅಂಗಡಿ ತೆರೆದ ಹೊಸದರಲ್ಲಿ, ಅವರು ಕಿಟ್ ತರಿಸಿ ತಾವೇ ಜೋಡಿಸಿದ್ದಂತೆ. ಒಳಗೆ ಹೆಲ್ಮೆಟ್ ಹಾಕಿದ ಪ್ಲಾಸ್ಟಿಕ್ ಡ್ರೈವರ್ ಒಬ್ಬನಿದ್ದ. ಅವನು ಎದೆಯವರೆಗೆ ಮಾತ್ರ ಇದ್ದ. ಪಕ್ಕದ ಸೀಟು ಇರಲಿಲ್ಲ.

ಬ್ರೇಕಮ್ಮನ ಕಣ್ಣು ಆ ಇಲ್ಲದ ಸೀಟಿನ ಮೇಲೆ ನೆಟ್ಟಿತು. ಈ ಕಾರಿನಲ್ಲಿ ಪಕ್ಕದಲ್ಲಿ ಕೂರೋಕೆ ಯಾರಿಗೂ ಆಗಲ್ಲ. ನಿಲ್ಲಿಸಬೇಕಾದರೆ ಮಗಳೇ ನಿಲ್ಲಿಸಬೇಕು. ಇದಕ್ಕಿಂತ ಇನ್ನೇನು ಬೇಕು?

"ಇದನ್ನ ಕೊಡ್ತೀರಾ?" ಎಂದಳು.

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಅವಳನ್ನು ನೋಡಿದರು. ಆಮೇಲೆ ಬಗ್ಗಿಯನ್ನು ನೋಡಿದರು. ಹೆಂಡತಿ ಕಪಾಟು ಖಾಲಿ ಮಾಡಿ ಎಂದು ಎರಡು ವರ್ಷದಿಂದ ಪೀಡಿಸುತ್ತಿದ್ದಳಂತೆ. "ಕೊಡ್ತೀನಿ ಟೀಚರ್. ಆದ್ರೆ ಒಂದು ಮಾತು. ಇದು ಪೂರಾ ಒರಿಜಿನಲ್. ಒಂದೇ ಒಂದು ತಿರುಪೂ ಬದಲಾಯಿಸಬಾರದು."

"ಛೆ ಛೆ, ನಾನ್ಯಾಕೆ ಬದಲಾಯಿಸ್ಲಿ?" ಎಂದಳು ಬ್ರೇಕಮ್ಮ.

ಮಾತು ನಾಲ್ಕು ದಿನ ಉಳಿಯಿತು.

ಮೊದಲನೇ ದಿನ ಬ್ಯಾಟರಿ ಹೋಗಿತ್ತು, ಊದಿಕೊಂಡು ಹಸಿರು ಕಾರುತ್ತಿತ್ತು. ಬ್ಯಾಟರಿ ಬದಲಾಯಿಸುವುದು ಬದಲಾವಣೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಅವಳೇ ತೀರ್ಮಾನ ಮಾಡಿಕೊಂಡಳು. ಎರಡನೇ ದಿನ ಡ್ರೈವಿಂಗ್ ಶಾಲೆಯ ಹಿಂದಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಬೆಳಿಗ್ಗೆ ಆರಕ್ಕೇ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು. ಉದ್ದ ಆಂಟೆನಾದ ಹಳೇ ರಿಮೋಟ್ ಮಗಳ ಕೈಗೆ ಬಂತು. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಮ್ಮ, ನನಗೆ ಇಪ್ಪತ್ನಾಲ್ಕು ವರ್ಷ."

"ಗೊತ್ತು, ನಾನೇ ಹೆತ್ತಿದ್ದು. ಓಡ್ಸು."

ಬಗ್ಗಿ ಗುಂಡಿನ ಹಾಗೆ ಹೊರಟು ಗೆರೆ ದಾಟಿ ನೀರಿನ ತೊಟ್ಟಿಗೆ ಗುದ್ದಿತು. ಮುಂದಿನ ಚಕ್ರ ಹಿಡಿದಿದ್ದ ತೋಳು ಲಟಕ್ ಎಂದು ಮುರಿಯಿತು. ಅಂಟು ಹಾಕಿದರು, ಮೂರನೇ ದಿನ ಮತ್ತೆ ಮುರಿಯಿತು. ನಾಲ್ಕನೇ ದಿನ ಹೊಟ್ಟೆಯೊಳಗಿಂದ ಹೊಗೆ ಬಂತು. ಹಳೇ ಕಾಲದ ವೇಗ ಹತೋಟಿ, ಒಂದು ತಂತಿ ಸುರುಳಿಯನ್ನು ಕಾಯಿಸಿಯೇ ವೇಗ ಇಳಿಸಬೇಕು. ಅದು ಕಾದು ಕಾದು ಕೆಂಪಗಾಗಿತ್ತು.

ಸರಿ, ಮಾತು ಕೊಟ್ಟಾಗಿತ್ತು, ಹೊಗೆಯೂ ಬಂದಾಗಿತ್ತು. ಬ್ರೇಕಮ್ಮ ತಿರುಪುಳಿ ಕೈಗೆತ್ತಿಕೊಂಡಳು.

ಮುರಿದ ತೋಳಿನ ಬದಲಿಗೆ ಅಡುಗೆಮನೆಯ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯಿಂದ ಗರಗಸದಲ್ಲಿ ಹೊಸ ತೋಳು ಕೊಯ್ದಳು. ಒರಿಜಿನಲ್ಲಿಗಿಂತ ಗಟ್ಟಿ, ಬಗ್ಗುತ್ತೆ, ಮುರಿಯಲ್ಲ. ಗಂಡ ಎರಡು ದಿನ ಹಲಗೆ ಹುಡುಕಿದ. ಮೂರನೇ ದಿನ ಅದು ಅಂಗಳದಲ್ಲಿ ಓಡುವುದನ್ನು ನೋಡಿ, ಒಳಗೆ ಹೋಗಿ ತಟ್ಟೆಯ ಮೇಲೆ ಈರುಳ್ಳಿ ಹೆಚ್ಚಿಕೊಂಡ. ಸುಟ್ಟ ಸುರುಳಿ ಕಿತ್ತು ಅದರ ಜಾಗಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಎಲೆಕ್ಟ್ರಾನಿಕ್ ಹತೋಟಿ ಕೂರಿಸಿದಳು. ಹಳೇ ರಿಮೋಟು ಹೇಳಿದ್ದನ್ನು ಬಗ್ಗಿ ಯೋಚನೆ ಮಾಡಿ ಕೇಳುತ್ತಿತ್ತು, ಹಾಗಾಗಿ ಮಗಳಿಗೆ ಹೊಸ ರಿಮೋಟ್ ತಂದಳು.

ಇಲ್ಲಿಗೆ ನಿಲ್ಲಿಸಿದ್ದರೆ ಅವಳು ಬ್ರೇಕಮ್ಮ ಹೇಗಾದಾಳು? ಮಗಳ ಕೈಯಲ್ಲಿ ಬಗ್ಗಿ ಗೆರೆಯ ಕಡೆ ನುಗ್ಗುವಾಗ ಇವಳ ಬಲಗಾಲು ನೆಲ ಕೆರೆಯುತ್ತಿತ್ತು. ಐದು ದಿನ ತಡೆದುಕೊಂಡಳು. ಆರನೇ ದಿನ ಬಗ್ಗಿಯನ್ನು ಎತ್ತಿಕೊಂಡು ಗಡಿಯಾರದವರ ಅಂಗಡಿಗೆ ಹೋದಳು.

ಗಡಿಯಾರದವರು ಅದನ್ನು ಮೇಲಿಂದ ಕೆಳಗೆ ನೋಡಿದರು. ತರಕಾರಿ ಹಲಗೆಯ ತೋಳನ್ನು ಬೆರಳಿನಿಂದ ಮುಟ್ಟಿದರು. ಮುಖ ಸಪ್ಪಗಾಯಿತು. "ಟೀಚರ್, ತಿರುಪು..."

"ತಿರುಪು ಒಂದೂ ಬದಲಾಯಿಸಿಲ್ಲ. ಎಲ್ಲಾ ತಿರುಪೂ ಹಾಗೇ ಇದೆ, ಎಣಿಸ್ಕೊಳ್ಳಿ. ಈಗ ನನಗೊಂದು ಉಪಕಾರ ಆಗ್ಬೇಕು. ಆ ಹಳೇ ರಿಮೋಟಿಂದ ಇದಕ್ಕೆ ಬ್ರೇಕ್ ಹಾಕೋ ಹಾಗೆ ಮಾಡಿ."

"ಓಡಿಸೋರ ರಿಮೋಟಲ್ಲೇ ಬ್ರೇಕ್ ಇದೆಯಲ್ಲ?"

"ಅದು ಅವಳದು. ಇದು ನನ್ನದು."

ಮನುಷ್ಯ ಒಳ್ಳೆಯವರು. ಮನಸ್ಸಿಲ್ಲದ ಮನಸ್ಸಿನಿಂದಲೇ ಕೂತು ಮಾಡಿಕೊಟ್ಟರು. ಹಳೇ ರಿಮೋಟಿನ ಮಾತು ಕೇಳುವ ಪುಟ್ಟ ಮೋಟಾರನ್ನು ಹಿಂದಿನ ಚಕ್ರದ ಪಕ್ಕ ಕೂರಿಸಿ, ಅದರ ತುದಿಗೆ ಸೈಕಲ್ ಬ್ರೇಕಿನ ರಬ್ಬರ್ ತುಂಡು ಕಟ್ಟಿದರು. ಬ್ರೇಕಮ್ಮ ಗುಂಡಿ ಒತ್ತಿದರೆ ರಬ್ಬರು ಹೋಗಿ ಚಕ್ರವನ್ನು ಕಚ್ಚಿ ಹಿಡಿಯುತ್ತಿತ್ತು. ಬಗ್ಗಿ ಧೂಳೆಬ್ಬಿಸಿ ನಿಲ್ಲುತ್ತಿತ್ತು. ಆ ದಿನ ಎಷ್ಟೋ ದಿನಗಳ ನಂತರ ಬ್ರೇಕಮ್ಮ ಹೊಟ್ಟೆ ತುಂಬ ಊಟ ಮಾಡಿದಳು.

ಅಲ್ಲಿಂದ ದಿನಾ ಬೆಳಿಗ್ಗೆ ಅಂಗಳದಲ್ಲಿ ಇಬ್ಬರು ಹೆಂಗಸರು, ಎರಡು ರಿಮೋಟು, ಒಂದು ಬಗ್ಗಿ. ಮಗಳು ಓಡಿಸುವುದು, ತಾಯಿ ಒತ್ತುವುದು. ವಾರದಲ್ಲಿ ರಬ್ಬರು ಸವೆದು ಹೋಯಿತು. ಇನ್ನೊಂದು ಹಾಕಿದಳು. ಅದೂ ಸವೆಯಿತು. ಮೂರನೆಯದು ಹಾಕಿದ ಮೇಲೆ ಮಾತ್ರ ಕೆಲಸ ಹದಕ್ಕೆ ಬಂತು. ಬಗ್ಗಿ ಗೆರೆಗೆ ಗೇಣು ದೂರದಲ್ಲಿ ಮೆತ್ತಗೆ ನಿಲ್ಲತೊಡಗಿತು, ಒಂದು ದಿನವೂ ತಪ್ಪಲಿಲ್ಲ.

"ನೋಡಿದ್ಯಾ? ಯಾವಾಗ ಒತ್ಬೇಕು ಅನ್ನೋದು ನನ್ನ ಕೈಗೆ ಈಗ ಕೂತಿದೆ" ಎನ್ನುತ್ತಿದ್ದಳು ಬ್ರೇಕಮ್ಮ.

"ಹೂಂ ಅಮ್ಮ" ಎನ್ನುತ್ತಿದ್ದಳು ಮಗಳು.

ಮೂರನೇ ರಬ್ಬರು ಮೂರು ವಾರವಾದರೂ ಸವೆಯಲೇ ಇಲ್ಲ. ಎಂಥ ಒಳ್ಳೆಯ ಮಾಲು ಎಂದು ಬ್ರೇಕಮ್ಮ ಗಂಡನ ಹತ್ತಿರ ಎರಡು ಸಲ ಹೊಗಳಿದಳು. ಸೈಕಲ್ ಅಂಗಡಿಯವನ ಹತ್ತಿರ ಹೋಗಿ ಅವನನ್ನೂ ಹೊಗಳಿ ಬಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ.

ನಾಲ್ಕನೇ ಪರೀಕ್ಷೆಗೆ ಎರಡು ದಿನ ಇತ್ತು, ಪಶು ಆಸ್ಪತ್ರೆಯ ಗಡುವಿಗೆ ಐದು. ಧೂಳು ತೆಗೆದು ಎಣ್ಣೆ ಬಿಡಿಸೋಣವೆಂದು ಅವಳು ಬಗ್ಗಿಯನ್ನು ಗಡಿಯಾರದವರಿಗೆ ಕೊಟ್ಟಳು. ಅವರು ಮೇಲಿನ ಚಿಪ್ಪು ತೆಗೆದು, ಭೂತಗನ್ನಡಿ ಹಾಕಿಕೊಂಡು ಬಗ್ಗಿದವರು ಹಾಗೇ ಉಳಿದರು.

"ಟೀಚರ್, ನಿಮ್ಮ ಬ್ರೇಕಿಗೆ ಕರೆಂಟೇ ಇಲ್ಲ."

"ಏನಂದ್ರಿ?"

"ವೈರ್ ಬಿಚ್ಚಿದೆ. ತಾನಾಗಿ ಕಳಚಿದ್ದಲ್ಲ, ಬಿಚ್ಚಿ ದಾರ ಹಾಕಿ ಕಟ್ಟಿದಾರೆ. ಗಂಟು ನೋಡಿ, ಗಾಯಕ್ಕೆ ಹೊಲಿಗೆ ಹಾಕೋ ಗಂಟು. ಮೇಲೆ ಧೂಳು ಕೂತಿರೋದು ನೋಡಿದ್ರೆ ಮೂರು ವಾರ ಆಗಿರ್ಬೇಕು."

ಬ್ರೇಕಮ್ಮ ಸ್ಟೂಲಿನ ಮೇಲೆ ಕೂತಳು. ಮೊದಲು ಸಿಟ್ಟು ನೆತ್ತಿಗೇರಿತು. ಹೆತ್ತ ಮಗಳು ಮೂರು ವಾರ ತನ್ನ ಕಣ್ಣಿಗೆ ಮಣ್ಣೆರಚಿದ್ದಳು! ಆಂಟೆನಾ ಎಳೆದುಕೊಂಡು, ಹುಬ್ಬು ಗಂಟಿಕ್ಕಿಕೊಂಡು, ಸತ್ತ ಗುಂಡಿಯನ್ನು ಒತ್ತುತ್ತಾ ಅಂಗಳದಲ್ಲಿ ನಿಂತ ತನ್ನ ಚಿತ್ರ ಕಣ್ಣ ಮುಂದೆ ಬಂದು ಮೈಯೆಲ್ಲ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಹಾಗಾದರೆ ಇಷ್ಟು ದಿನ ಗೆರೆಯ ಹತ್ತಿರ ನಿಲ್ಲಿಸಿದವರು ಯಾರು?

ಮನೆಗೆ ಹೋದಳು. ಮಗಳು ಬಟ್ಟೆ ಮಡಿಸುತ್ತಿದ್ದಳು.

"ಯಾವಾಗ ಬಿಚ್ಚಿದ್ದೇ?"

ಯಾವುದನ್ನು ಎಂದು ಮಗಳು ಕೇಳಲಿಲ್ಲ. "ಮೂರನೇ ರಬ್ಬರ್ ಹಾಕಿದ ದಿನ."

"ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಹೇಳಿದ್ರೆ ನೀನು ಮತ್ತೆ ಜೋಡಿಸ್ತಿದ್ದೆ."

ಜೋಡಿಸುತ್ತಿದ್ದಳು, ಅನುಮಾನವೇ ಬೇಡ. ಬ್ರೇಕಮ್ಮನಿಗೆ ಅವಮಾನವಾಯಿತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡು ಮಡಿಸಿದ ಬಟ್ಟೆಗಳನ್ನೇ ಮತ್ತೊಮ್ಮೆ ಮಡಿಸಿದಳು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಸ್ಪಾನರ್ ತಗೊಂಡು ಕಾರಿನೊಳಗೆ ನುಸುಳಿದಳು. ತನ್ನ ಕಡೆಯ ಬ್ರೇಕಿನ ಸರಳನ್ನು ಬಿಚ್ಚಿ ಡಿಕ್ಕಿಯಲ್ಲಿ ಹಾಕಿದಳು. ಮಗಳನ್ನು ಕರೆದು, ಪಕ್ಕದಲ್ಲಿ ಕೂತು, "ನಡಿ" ಎಂದಳು. ಮಾರುಕಟ್ಟೆ, ಶಾಲೆ, ರೈಲ್ವೆ ಗೇಟು ಎಲ್ಲ ಸುತ್ತಿ ಬಂದರು. ಬ್ರೇಕಮ್ಮ ಸತ್ತ ಬ್ರೇಕನ್ನು ನಲವತ್ತು ಸಲವಾದರೂ ಒತ್ತಿರಬೇಕು. ಕಾರು ನಿಲ್ಲಬೇಕಾದಲ್ಲೆಲ್ಲ ನಿಂತಿತು. ವಾಪಸ್ ಬಂದಾಗ ಬೆನ್ನೆಲ್ಲ ಬೆವರು, ಆದರೆ ಮನಸ್ಸು ಹಗುರ. ಆ ಖುಷಿಯಲ್ಲಿ ಸರಳನ್ನು ತಿರುಗಿ ಜೋಡಿಸುವುದನ್ನು ಮರೆತುಬಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಮರುದಿನ ಪರೀಕ್ಷೆ ಮೈದಾನ. ಪಕ್ಕದ ಸೀಟಿನಲ್ಲಿ ಇನ್‌ಸ್ಪೆಕ್ಟರು ಕೂತರು. ಈ ಹುಡುಗಿ ಗೆರೆಯಲ್ಲಿ ಏನು ಮಾಡುತ್ತಾಳೆಂದು ಅವರಿಗೆ ಬಾಯಿಪಾಠವಾಗಿತ್ತು. ಬ್ರೇಕಮ್ಮ ಮೈದಾನದ ಅಂಚಿನಲ್ಲಿ ನಿಂತಳು. ಕಾರು ಸುತ್ತಿತು, ತಿರುಗಿತು, ಹಿಂದಕ್ಕೆ ಬಂತು, ಗೆರೆಯ ಕಡೆ ಹೊರಟಿತು, ಗೆರೆಗೆ ಗೇಣು ದೂರದಲ್ಲಿ ಮೆತ್ತಗೆ ನಿಂತಿತು. ಬ್ರೇಕಮ್ಮ ಬಿಟ್ಟ ನಿಟ್ಟುಸಿರು ಪಕ್ಕದಲ್ಲಿದ್ದವರಿಗೂ ಕೇಳಿಸಿತು.

ಇನ್‌ಸ್ಪೆಕ್ಟರು ಕೆಳಗಿಳಿದು ಹಾಳೆಯ ಮೇಲೆ ಅಡ್ಡಗೀಟು ಎಳೆದರು. "ನಾನು ಬ್ರೇಕ್ ಒತ್ತಿದೆ, ಟೀಚರ್. ಒತ್ತದೇ ಇದ್ದಿದ್ರೆ ದಾಟ್ತಿತ್ತು. ನಾನು ಕಾಲು ಹಾಕಿದ ಮೇಲೆ ಫೇಲೇ, ನಿಯಮ ನಿಮಗೆ ಗೊತ್ತಲ್ಲ."

ಮಗಳು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಳು. "ನಾನೇ ನಿಲ್ಸಿದ್ದು ಸಾರ್" ಎಂದಳು. "ಎಲ್ಲರೂ ಹಾಗೇ ಹೇಳೋದಮ್ಮ" ಎಂದರು ಅವರು.

ಆಗ ಬ್ರೇಕಮ್ಮನಿಗೆ ಡಿಕ್ಕಿಯಲ್ಲಿ ಬಿದ್ದಿರುವ ಸರಳು ನೆನಪಾಯಿತು. ಎರಡನೇ ಬ್ರೇಕಿಲ್ಲದ ಕಾರನ್ನು ಪರೀಕ್ಷೆಗೆ ತಂದವರ ಶಾಲೆಗೆ ಬೀಗ, ಅದೂ ನಿಯಮವೇ. ಬಾಯಿ ಮುಚ್ಚಿಕೊಂಡರೆ ಶಾಲೆ ಉಳಿಯುತ್ತದೆ, ಮಗಳ ಕೆಲಸ ಹೋಗುತ್ತದೆ.

"ಸಾರ್, ಆ ಬ್ರೇಕ್ ಇನ್ನೊಂದ್ಸಲ ಒತ್ತಿ ನೋಡಿ" ಎಂದಳು.

ಅವರು ಕೂತು ಒತ್ತಿದರು. ಅದು ಪೊಳಕ್ಕೆಂದು ನೆಲಕ್ಕೆ ಹೋಯಿತು. ಬ್ರೇಕಮ್ಮ ಡಿಕ್ಕಿ ತೆರೆದು ಸರಳನ್ನು ತಂದು ಅವರ ಕೈಗೇ ಕೊಟ್ಟಳು.

ಇನ್‌ಸ್ಪೆಕ್ಟರು ಸರಳನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. ಮುಖ ಬಿಳಿಚಿತ್ತು. ಎರಡು ಹಾಳೆ ತಗೊಂಡರು. ಒಂದರ ಮೇಲೆ ಪಾಸು ಎಂದು ಬರೆದು ಮಗಳಿಗೆ ಕೊಟ್ಟರು. ಇನ್ನೊಂದನ್ನು ಸಾವಕಾಶವಾಗಿ ತುಂಬಿಸಿ, ಮೊಹರು ಹಾಕಿ, ತಾಯಿಗೆ ಕೊಟ್ಟರು. ಶಾಲೆ ಒಂದು ತಿಂಗಳು ಬಂದ್.

ಮುಂದಿನ ವಾರ ಮಗಳು ವ್ಯಾನು ತೆಗೆದುಕೊಂಡು ಕೆಲಸಕ್ಕೆ ಹೋದಳು. ಅದೇ ದಿನ ಬ್ರೇಕಮ್ಮ ಬೀಗ ಹಾಕಿದ ಶಾಲೆಯನ್ನು ತೆರೆದು, ಗೋಡೆಯ ಮೇಲೆ ಮೊಳೆ ಹೊಡೆದು, ಗಾಜು ಹಾಕಿಸಿದ ಒಂದು ಚೌಕಟ್ಟನ್ನು ತೂಗುಹಾಕಿದಳು. ಗಂಡ ಹತ್ತಿರ ಬಂದು ನೋಡಿದ.

"ಶಾಲೆ ಮುಚ್ಚಿಸಿದ ಕಾಗದಕ್ಕೆ ಯಾರಾದ್ರೂ ಚೌಕಟ್ಟು ಹಾಕಿಸ್ತಾರೇನೇ?"

"ಎರಡನೇ ಸಾಲು ಓದ್ರಿ."

ಅವನು ಕನ್ನಡಕ ಸರಿಮಾಡಿಕೊಂಡು ಓದಿದ. "ಪಕ್ಕದ ಬ್ರೇಕಿಗೆ ಯಾವುದೇ ಜೋಡಣೆ ಇರುವುದಿಲ್ಲ. ವಾಹನವನ್ನು ಗೆರೆಗೆ ಮೊದಲೇ ನಿಲ್ಲಿಸಿದವರು ಅಭ್ಯರ್ಥಿಯೇ ಆಗಿರುತ್ತಾರೆ."

"ಇನ್ನೊಂದ್ಸಲ ಓದ್ರಿ" ಎಂದಳು ಬ್ರೇಕಮ್ಮ.