ಹೊಳೆ ದಾಟದವನ ಒಡಪು

ಮುಂದೆ ಬರೆಯುವುದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಹೇಳಲಾರೆ. ನಾನು ಓದಿದ್ದು ಇತಿಹಾಸ. ಒಬ್ಬನೇ ಹೇಳಿದ್ದನ್ನು ನಂಬಬಾರದೆಂದು ವರ್ಷಗಟ್ಟಲೆ ಪಾಠ ಮಾಡಿದವನು. ಇಲ್ಲಿ ಸಾಕ್ಷಿ ಹೇಳುವವನು ನಾನೊಬ್ಬನೇ, ಅದೂ ಹೊಟ್ಟೆಕಿಚ್ಚಿನಲ್ಲಿ ಬೆಂದವನು.

ಹೋದ ತಿಂಗಳು ಮುಧೋಳದ ಮನೆಗೆ ಸುಣ್ಣ ಹೊಡೆಸುವಾಗ ಹಳೆಯ ಟ್ರಂಕಿನಿಂದ ಹೆಂಡತಿಯ ಕಾದಂಬರಿಯೊಂದು ಹೊರಬಂತು. ರಟ್ಟು ಕಿತ್ತುಹೋಗಿತ್ತು. ಕೊನೆಯ ಅಧ್ಯಾಯದ ಮೊದಲು ಗುರುತಿಗೆಂದು ಇಟ್ಟಿದ್ದ ಕೆಂಪು ನೂಲಿನ ಎಳೆ ಮಾತ್ರ ಹಾಗೆಯೇ ಇತ್ತು. ಮೂಗಿಗೆ ಹಿಡಿದೆ. ಗಂಜಿ ಹಾಕಿದ ನೂಲಿನ ಹುಳಿ ವಾಸನೆ... ಇಷ್ಟು ವರ್ಷಗಳ ಮೇಲೆ ಆ ವಾಸನೆ ಉಳಿದಿರುವುದು ಸಾಧ್ಯವಿಲ್ಲ. ಆದರೂ ಬಂತು. ಅದರ ಹಿಂದೆಯೇ ಬನಹಟ್ಟಿಯ ಆ ಓಣಿ, ಆ ಓಣಿಯ ಕಾಕು.

ಕಾಕು ನನ್ನ ಹೆಂಡತಿಯ ತವರಿನ ಬಾಜೂ ಮನೆಯವಳು. ರಕ್ತಸಂಬಂಧವೇನೂ ಇಲ್ಲ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು, ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಸುತ್ತುತ್ತಲೇ ಒಡಪು ಕಟ್ಟುತ್ತಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬುಸದಲ್ಲೋ ಹೆಂಗಸರು ಅಡ್ಡಗಟ್ಟಿ ಹೇಳಿಸುತ್ತಾರೆ, ಆಗ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳಬೇಕು. ಅದೇ ಒಡಪು. ಓಣಿಯ ಮದುವಣಗಿತ್ತಿಯರಿಗೆಲ್ಲ ಅದು ಸಿಗುತ್ತಿದ್ದದ್ದು ಕಾಕುವಿನ ಕಟ್ಟೆಯ ಮೇಲೆ.

ಆಕೆಯ ಗಂಡ ಮಹಾರಾಷ್ಟ್ರದ ಇಚಲಕರಂಜಿಗೆ ಪಾವರ್‌ಲೂಮಿನ ಕೆಲಸಕ್ಕೆಂದು ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ್ದ. ಕಾಕು ಹಣೆಯ ಕುಂಕುಮ ಬಿಟ್ಟಿರಲಿಲ್ಲ. ಆರತಿಯ ಹೊತ್ತಿಗೆ ಒಡಪಿನ ಸರದಿ ಆಕೆಯವರೆಗೆ ಬಂದಾಗ ಹೆಂಗಸರು ಸುಮ್ಮನೆ ಆಚೆಯವಳ ಕಡೆ ತಿರುಗುತ್ತಿದ್ದರು. ಕಾಕು ಆರತಿಯ ತಟ್ಟೆ ಸರಿಮಾಡುತ್ತ ಇರುತ್ತಿದ್ದಳು. ಇದನ್ನು ನಾನು ಕಂಡೆನೋ, ಅವರಿವರು ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ...

ನನ್ನ ಮದುವೆ ಆದದ್ದು ಹಿಪ್ಪರಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟುವ ಕೆಲಸ ನಡೆದಿದ್ದ ವರ್ಷಗಳಲ್ಲಿ. ಮುಧೋಳದ ನಮ್ಮ ಮನೆಯ ಹೊಸ್ತಿಲಲ್ಲಿ ಹೆಂಗಸರು ಬಾಗಿಲು ತಡೆದು ನಿಂತರು. ಹೆಂಡತಿ ತಲೆ ತಗ್ಗಿಸಿ ಹೇಳಿದಳು:

“ತುಂಬಿದ ಕೃಷ್ಣಾ ದಾಟಿ ಬಂದ್ರ ಕಾಲಿಗೆ ಬಿಸಿ ನೀರ,
ಹೊತ್ತು ಮುಳುಗೂದ್ರಾಗ ಬರ್ತಾರ ನಮ್ಮ ರಾಜಶೇಖರ.”

ನಾನು ಸೋತುಹೋದೆ. ವಿಶ್ವವಿದ್ಯಾಲಯದಲ್ಲಿದ್ದಾಗ ಪ್ರೇಮದ ಬಗ್ಗೆ ಬಹಳ ಚರ್ಚೆ ಮಾಡಿದ್ದೆ, ಆದರೆ ಕಾಲಿಗೆ ಬಿಸಿನೀರು ಇಡುತ್ತೇನೆಂದು ಯಾರೂ ಹೇಳಿರಲಿಲ್ಲ. ಜಮಖಂಡಿಯ ಕಾಲೇಜಿನಿಂದ ಸಂಜೆ ಬಸ್ಸಿನಲ್ಲಿ ಮರಳುವಾಗ ಆ ಎರಡು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಹಾಗೆ ಹೇಳಿಕೊಳ್ಳುವಾಗಲೇ ಒಂದು ಸಂಜೆ ತಲೆಯಲ್ಲಿ ಹುಳ ಹೊಕ್ಕಿತು. ಮುಧೋಳದವನು ಬನಹಟ್ಟಿಗೆ ಹೋಗಲು ಕೃಷ್ಣೆಯನ್ನು ದಾಟಬೇಕಾಗಿಯೇ ಇಲ್ಲ. ಮಹಾಲಿಂಗಪುರದ ಮೇಲೆ ಹೋದರೂ ಅಷ್ಟೆ, ಜಮಖಂಡಿ ಸುತ್ತಿ ಹೋದರೂ ಅಷ್ಟೆ. ಹೊಳೆ ಆಚೆಯೇ ಉಳಿಯುತ್ತದೆ. ಹಾಗಾದರೆ ದಾಟಿ ಬರುವವನು ಯಾರು?

ಉತ್ತರ ಸಿದ್ಧವಾಗಿತ್ತು. ನನಗಿಂತ ಮೊದಲು ಆಕೆಯನ್ನು ಒಬ್ಬ ನೋಡಿ ಹೋಗಿದ್ದ. ಮಾತುಕತೆ ಬಹಳ ಮುಂದೆ ಹೋಗಿ ಮುರಿದಿತ್ತು. ಬ್ಯಾರೇಜಿನ ಕೆಲಸದ ಮೇಲಿದ್ದ ಓವರ್‌ಸಿಯರ್, ಊರು ಹೊಳೆಯಾಚೆ ಅಥಣಿ ಕಡೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಒಡಪಿಗೆ ಹೊಂದುವಂತೆ ನಾನೇ ಚಂದ್ರಶೇಖರ ಎಂದು ಇಟ್ಟೆ. ಒಂದು ದಪ್ಪ ಮೀಸೆಯನ್ನೂ ಮೋಟರ್‌ಸೈಕಲ್ಲನ್ನೂ ಕೊಟ್ಟೆ. ನನಗೆ ಎರಡೂ ಇರಲಿಲ್ಲ.

ಅಲ್ಲಿಂದ ನನಗೆ ನೆಮ್ಮದಿ ಇಲ್ಲವಾಯಿತು. ಕಾಲೇಜಿನ ಗೋಡೆಯ ನಕಾಶೆಯಲ್ಲಿ ಕೃಷ್ಣೆಯ ಗೆರೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದೆ, ಎಲ್ಲಾದರೂ ಒಂದು ಕಡೆ ನಮ್ಮ ಹಾದಿಗೆ ಅಡ್ಡ ಬಂದೀತೇ ಎಂದು. ಬೀಳಗಿಯಲ್ಲಿ ನಂಟರ ಮನೆಗೆ ಹೋದಾಗ ಹೆಂಡತಿ ಕೃಷ್ಣೆಯ ಹಿನ್ನೀರು ನೋಡಿ ಚಂದ ಐತಿ ಎಂದಳು. ನಾನು ಊಟ ಬಿಟ್ಟೆ. ಹೊಳೆಗೆ ಒಡ್ಡು ಕಟ್ಟುವವರೆಲ್ಲ ನನ್ನ ಲೆಕ್ಕದಲ್ಲಿ ಅವನ ಕಡೆಯವರು. ಆಕೆ ಬಿಸಿನೀರು ತಂದಿಟ್ಟರೆ, ಇದು ಯಾರ ಕಾಲಿಗೆ ಕಾಯಿಸಿದ ನೀರು ಎಂದು ಅದರೊಳಗೆ ಬಗ್ಗಿ ನೋಡುತ್ತಿದ್ದೆ.

ನಾನು ಯಾವ ಹೊಳೆ ದಾಟಿ ಬರುತ್ತೇನೆ ಹೇಳು ಎಂದು ಕೊನೆಗೆ ಕೇಳಿಯೇಬಿಟ್ಟೆ.

“ಅಲ್ರೀ, ಒಡಪಿನ್ಯಾಗ ಯಾರರೆ ನಕಾಶಿ ಹುಡಕತಾರೇನು?” ಎಂದು ಆಕೆ ನಕ್ಕಳು.

ನಾನು ನಗಲಿಲ್ಲ, ಓವರ್‌ಸಿಯರ್‌ನ ಹೆಸರೇನೆಂದು ಕೇಳಿದೆ. ಆಕೆಯ ನಗು ನಿಂತಿತು. ಪಂಚಮಿಗೆ ತವರಿಗೆ ಹೋದಳು. ನೂಲ ಹುಣ್ಣಿಮೆ ಕಳೆದರೂ ಬರಲಿಲ್ಲ, ಬರುತ್ತೇನೆಂದು ಹೇಳಿಕಳಿಸಲೂ ಇಲ್ಲ. ಬರುವುದೇ ಇಲ್ಲವೇನೋ ಎಂದು ಹೆದರಿ ನಾನೇ ಹೊರಟೆ.

ಓಣಿಗೆ ಕಾಲಿಟ್ಟಾಗ ಮಗ್ಗಗಳ ಸದ್ದಿನ ನಡುವೆ ಕಾಕುವಿನ ಕಟ್ಟೆಯಿಂದ ನಗು ಕೇಳಿಸಿತು. ಆಕೆಗೆ ಓದು ಬರುತ್ತಿರಲಿಲ್ಲ. ನನ್ನ ಹೆಂಡತಿ, ಟ್ರಂಕಿನಲ್ಲಿ ಸಿಕ್ಕ ಈ ಕಾದಂಬರಿಯನ್ನೇ ಓದಿ ಹೇಳುತ್ತಿದ್ದಳು. ಗಂಡನ ಮೇಲೆ ಸಂಶಯಪಡುವ ಒಬ್ಬ ಹೆಂಗಸಿನ ನಗೆಯ ಕಥೆ. ಆಕೆ ಗಂಡನ ಅಂಗಿ ಮೂಸುತ್ತಾಳೆ, ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿತೆಂದು ದಿನವೂ ನೋಡುತ್ತಾಳೆ. ಮುಧೋಳದಲ್ಲಿ ಅದರ ಮೊದಲ ಪುಟಗಳನ್ನು ಓದಿ ನಾನೂ ನಕ್ಕಿದ್ದೆ.

“ಬರ್ರಿ ಅಳಿಯಂದ್ರ, ನಿಮ್ಮ ಕತೀನ ಓದಾಕತ್ತಿದ್ವಿ” ಎಂದಳು ಕಾಕು.

ಹೆಂಡತಿ ನನ್ನ ಮುಖ ನೋಡದೆ ಪುಸ್ತಕವನ್ನು ಅಲ್ಲಿಯೇ ಇಟ್ಟು ಒಳಗೆ ಹೋದಳು. ನಾನು ಕಟ್ಟೆಯ ತುದಿಗೆ ಕೂತು, ಆ ಒಡಪು ನೀವು ಕಟ್ಟಿದ್ದೋ ಎಂದು ಕೇಳಿದೆ.

“ಹಳೇ ನೂಲರಿ ಅದು. ಗಟ್ಟಿ ಇತ್ತು, ಕೊಟ್ಟೆ.”

“ಯಾರ ಸಲುವಾಗಿ ಕಟ್ಟಿದ್ರಿ?”

ರಾಟಿ ನಿಂತಿತು. ಅಥವಾ ನಿಂತಿತೆಂದು ನನಗೀಗ ಅನಿಸುತ್ತದೆ...

“ಅದನ್ನ ಆಕಿಗೆ ಕೇಳಬ್ಯಾಡ್ರಿ. ನಾ ಆಣಿ ಹಾಕಿಸೀನಿ” ಎಂದಳು. ರಾಟಿಯನ್ನು ಮತ್ತೆ ತಿರುಗಿಸುತ್ತ, “ನಾಕ ಮಂದಿ ಮುಂದ ಆಕಿ ನಿಮ್ಮ ಹೆಸರ ಹೇಳ್ಯಾಳ. ನೀವೂ ಕರ್ಯಾಕ ಬಂದೀರಿ. ಬರೂದ ದೊಡ್ಡದರಿ.”

ಆಮೇಲೆ ಒಳಗಿನವಳನ್ನು ಕೂಗಿ, ಚೀಲ ಕಟ್ಟಿಕೋ, ಹೊತ್ತು ಮುಳುಗುವುದರೊಳಗೆ ಮುಧೋಳ ಮುಟ್ಟಬೇಕು ಎಂದಳು. ಇನ್ನೂ ಕೊನೆಯ ಅಧ್ಯಾಯ ಉಳಿದಿದೆಯೆಂದು ಹೆಂಡತಿ ಬಾಗಿಲಲ್ಲಿ ನಿಂತಳು.

“ಅದರಾಗ ಏನೈತಿ ತಂಗೀ? ಗಂಡ ಚಲೋ ಅಂವ ಅಂತ ಗೊತ್ತಾಕ್ಕೈತಿ. ಇರ್ಲಿ ಬಿಡು” ಎಂದು ಕಾಕು ಕೆಂಪು ನೂಲಿನ ಒಂದು ಎಳೆಯನ್ನು ಹಲ್ಲಿನಿಂದ ಕಡಿದು ಪುಟದೊಳಗಿಟ್ಟು ಪುಸ್ತಕ ಮುಚ್ಚಿದಳು.

ಹೆಂಡತಿ ನನ್ನೊಡನೆ ಬಂದಳು. ಆದರೆ ಹಳೇ ನೂಲು ಎಂಬ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಹಳೆಯದಾದರೆ ಓವರ್‌ಸಿಯರ್‌ನ ಸಲುವಾಗಿ ಕಟ್ಟಿದ್ದೇ. ಆಣೆಯ ಮಾತು ಬಂದ ಮೇಲೆ ಕೇಳುವಂತೆಯೂ ಇರಲಿಲ್ಲ. ನಾವು ಸುಖವಾಗಿಯೇ ಇದ್ದೆವು. ನಮ್ಮಿಬ್ಬರ ನಡುವೆ ಆ ಓವರ್‌ಸಿಯರ್‌ನೂ ಮೀಸೆ ತಿರುವುತ್ತ, ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಬಹಳ ವರ್ಷ ಇದ್ದ. ನನಗೆ ವಯಸ್ಸಾಯಿತು, ಅವನಿಗೆ ಆಗಲಿಲ್ಲ.

ಕಾಕು ತೀರಿಹೋದಾಗ ಹಿಪ್ಪರಗಿಯಲ್ಲಿ ನೀರು ನಿಂತಾಗಿತ್ತು. ನಾವಿಬ್ಬರೂ ಮಣ್ಣಿಗೆ ಹೋಗಿದ್ದೆವು. ಇಚಲಕರಂಜಿಯಲ್ಲಿದ್ದ ಗಂಡನಿಗೆ ಸುದ್ದಿ ಕಳಿಸಿದ್ದರು. ಓಣಿಯವರು ಹೊತ್ತು ಇಳಿಯುವವರೆಗೂ ಕಾದರು. ಅವನು ಬರಲಿಲ್ಲ. ಕಟ್ಟೆಯ ಮೇಲೆ ರಾಟಿ ಗೋಡೆಗೆ ಆನಿಸಿ ಇಟ್ಟಿತ್ತು, ಒಂದು ಕಂಡಿಕೆ ಅರ್ಧ ಸುತ್ತಿತ್ತು... ಅಥವಾ ಅದು ಬೇರೆ ಯಾವಾಗಲೋ ಕಂಡದ್ದಿರಬಹುದು.

ಹೋದ ತಿಂಗಳು ಈ ಪುಸ್ತಕ ಕೈಗೆ ಬಂದಾಗ, ಆಣೆ ಹಾಕಿಸಿದವಳೇ ಹೋದ ಮೇಲೆ ಈಗಲಾದರೂ ಹೇಳಬಾರದೇ ಎಂದು ಹೆಂಡತಿಯನ್ನು ಕೇಳಿದೆ. ಆಕೆ ಸುಣ್ಣದ ಕೈ ಒರೆಸಿಕೊಂಡಳು.

“ಇಷ್ಟ ವರ್ಷಾ ಅದನ್ನ ಹೊಟ್ಟ್ಯಾಗ ಇಟಗೊಂಡೀರೇನು? ನಾ ಹೇಳಾಂಗಿಲ್ಲ. ತೇರದಾಳದಾಗ ಕಾಕುನ ತಂಗಿ ಅದಾಳ. ಆಕಿಗೇನ ಆಣಿ ಇಲ್ಲ.”

ಮರುದಿನವೇ ಬಸ್ ಹತ್ತಿದೆ. ಮುದುಕಿಗೆ ಕಿವಿ ಮಂದವಾಗಿತ್ತು, ಜೋರಾಗಿ ಕೇಳಬೇಕಾಯಿತು. ನನ್ನ ನೆನಪಿನ ಉಳಿದದ್ದನ್ನೆಲ್ಲ ಯಾರು ಬೇಕಾದರೂ ಅಲ್ಲಗಳೆಯಲಿ, ಇದೊಂದನ್ನು ನಾನೇ ಹೋಗಿ ಕೇಳಿ ಬಂದಿದ್ದೇನೆ. ಕಾಕುವಿನ ಗಂಡನ ಊರು ಕೃಷ್ಣೆಯ ಆಚೆ ದಂಡೆಯಲ್ಲಿತ್ತು, ಆಕೆಯ ತವರು ತೇರದಾಳಕ್ಕೆ ಬರಲು ಅವನು ನಾವೆಯಲ್ಲಿ ಹೊಳೆ ದಾಟಬೇಕಿತ್ತು. ಮಗ್ಗದ ಕೆಲಸಕ್ಕೆಂದು ಇಬ್ಬರೂ ಬನಹಟ್ಟಿಗೆ ಬಂದದ್ದು ಆಮೇಲೆ. ಅಕ್ಕ ತನ್ನ ಮದುವೆಯ ಹೊಸ್ತಿಲಲ್ಲಿ ಹೇಳಿದ ಒಡಪನ್ನು ತಂಗಿ ಇನ್ನೂ ಮರೆತಿರಲಿಲ್ಲ. ಮೊದಲಿನ ಸಾಲು ನಾನು ಬಲ್ಲದ್ದೇ, ಒಂದು ಅಕ್ಷರವೂ ಬೇರೆ ಇರಲಿಲ್ಲ. ಎರಡನೆಯದು: “ಹೊತ್ತು ಮುಳುಗೂದ್ರಾಗ ಬರ್ತಾರ ನಮ್ಮ ಗಂಗಾಧರ.”